ಹಣೆಯ ಮೇಲಿನ ಕನ್ನಡಕ

ದೂರದ್ದು ಕಾಣುವುದಿಲ್ಲ ಎಂಬ ಒಂದೇ ಕಾರಣಕ್ಕೆ ತಾರಾದೇವಿಯನ್ನು ಮೂರು ಮನೆಯವರು ಬೇಡವೆಂದಿದ್ದರು. ಅದೇ ಕಾರಣಕ್ಕೆ ನಾಲ್ಕನೆಯ ಮನೆಯವರು ಬೇಕೇ ಬೇಕೆಂದರು. ಆ ನಾಲ್ಕನೆಯ ಮನೆ ಇದ್ದದ್ದು ಕಾಶಿಯಲ್ಲಿ.

ಗದಗಿನ ಕಡೆಯ ಹಳ್ಳಿಗೆ ಹೆಣ್ಣು ನೋಡಲು ಬಂದ ಜಗದಾಂಬ ಉಪ್ಪಿಟ್ಟಿನ ತಟ್ಟೆಗೆ ಕೈ ಹಾಕುವ ಮೊದಲೇ, "ಆ ಚಸ್ಮಾ ತಗಿಯವ್ವ" ಅಂದಿದ್ದಳು. ಒಳಗೆ ಒಲೆಯ ಮುಂದಿದ್ದ ತಾರಾದೇವಿಯ ತಾಯಿ ಈ ಸಂಬಂಧವೂ ಕೈಬಿಟ್ಟಿತು ಎಂದುಕೊಂಡಳು. ಆದರೆ ಜಗದಾಂಬ ಚೀಲದಿಂದ ಗೇಣುದ್ದದ ಬಿಳಿ ದಾರ ತೆಗೆದು ಹುಡುಗಿಯ ಕೈಗಿಟ್ಟು, "ಇದನ್ನ ನೋಡಿ ಹೇಳು, ಹೆಂಗೈತಿ?" ಎಂದು ಕೇಳಿದಳು. ತಾರಾದೇವಿ ದಾರವನ್ನು ಮೂಗಿನ ತುದಿಗೆ ತಂದು, ತಿರುವಿ ತಿರುವಿ ನೋಡಿ, "ಒಳಗ ಒಂದ ಎಳಿ ಹರದೈತ್ರಿ" ಅಂದಳು. ಅದು ಹರಿದದ್ದು ಜಗದಾಂಬೆಗೂ ಗೊತ್ತಿರಲಿಲ್ಲ. ಮೂಲೆಯಲ್ಲಿ ಕೂತಿದ್ದ ಮಗ ಅನ್ನದಾನಯ್ಯನನ್ನು ಯಾರೂ ಒಂದು ಮಾತು ಕೇಳಲಿಲ್ಲ. ಅಲ್ಲಿಗೆ ಮದುವೆ ಗಟ್ಟಿಯಾಯಿತು.

ಜಗದಾಂಬೆಯ ಮನೆ ಶಿವದಾರ ಹೊಸೆಯುವ ಮನೆ. ಇಷ್ಟಲಿಂಗವನ್ನು ಕೊರಳಿಗೆ ಕಟ್ಟಿಕೊಳ್ಳುವ ದಾರ ಅದು. ಗಂಗೆಯ ದಂಡೆಯ ಓಣಿಯೊಂದರೊಳಗೆ ಕರ್ನಾಟಕದವರ ಮಠ. ಅದರ ಹಿಂಬದಿಯ ಎರಡು ಕೋಣೆಗಳಲ್ಲಿ ಈ ಸಂಸಾರ. ಗಂಡಸರು ಮಠದ ದಾಸೋಹದಲ್ಲಿ ಅಡುಗೆ ಮಾಡುವುದು, ಹೆಂಗಸರು ದಾರ ಹೊಸೆಯುವುದು. ಊರಿನಿಂದ ಬಂದ ಯಾತ್ರಿಕರು ಸವೆದ ದಾರ ಬಿಚ್ಚಿಸಿ, ಹೊಸದು ಕಟ್ಟಿಸಿಕೊಂಡು ಹೋಗುತ್ತಾರೆ. ಇದರಲ್ಲಿ ತಪ್ಪಿಗೆ ಜಾಗವಿಲ್ಲ. ಲಿಂಗ ಮೈಬಿಟ್ಟು ಇರಬಾರದು, ಹುಟ್ಟಿದಾಗ ಕಟ್ಟಿದ್ದು ಮಣ್ಣಿಗೆ ಹೋಗುವ ತನಕ. ಸ್ನಾನದಲ್ಲೂ ನಿದ್ದೆಯಲ್ಲೂ ಮೈಮೇಲೇ ಇದ್ದು ಅದು ಕಾಯುತ್ತದೆ. ದಾರ ಹರಿದು ಲಿಂಗ ನೆಲಕ್ಕೆ ಬಿದ್ದರೆ ಕಟ್ಟಿಕೊಂಡವರ ಜೀವವೇ ಹಾರಿಹೋದಂತೆ. ಹಾಗಾಗಿ ಒಂದೊಂದು ಎಳೆಯನ್ನೂ ಕಣ್ಣಿಟ್ಟು ನೋಡಬೇಕು, ಗಂಟು ಕೂಡಿದ್ದು ಬೆರಳಿಗೂ ತಿಳಿಯಬಾರದು, ಎದೆಗೆ ಚುಚ್ಚಬಾರದು.

ಚೆನ್ನಾಗಿ ಕಣ್ಣು ಕಾಣುವ ಹೆಂಗಸರಿಗೆ ನಲವತ್ತರ ಹೊತ್ತಿಗೆ ಚಾಳೀಸು ಬರುತ್ತದೆ. ಎಳೆಗಳೆಲ್ಲ ಕೂಡಿ ಹತ್ತಿಯ ಉಂಡೆಯಾಗಿ ಕಾಣುತ್ತವೆ. ಜಗದಾಂಬೆಗೂ ಹಾಗೇ ಆಗಿತ್ತು. ದೂರದ್ದು ಕಾಣದ ಕಣ್ಣಿಗಾದರೋ ಆ ಪೀಡೆಯಿಲ್ಲ. ಕನ್ನಡಕ ತೆಗೆದು ನಾಲ್ಕು ಬೆರಳು ಹತ್ತಿರಕ್ಕೆ ತಂದರೆ ಎಳೆಯ ಮೇಲಿನ ನವಿರು ಕೂಡ ಕಾಣುತ್ತದೆ. ಇದನ್ನು ಈ ಮನೆಯವರು ಎಂದೋ ಕಂಡುಕೊಂಡಿದ್ದರು. ಜಗದಾಂಬೆಯ ಅತ್ತೆಗೆ ಅಂಥ ಕಣ್ಣಿತ್ತು, ಜಗದಾಂಬೆಗೆ ಇರಲಿಲ್ಲ. ಆ ಕೊರತೆಯನ್ನು ಅವಳು ಸೊಸೆಯಲ್ಲಿ ತುಂಬಿಕೊಂಡಳು.

ತಾರಾದೇವಿ ಬಂದ ಮೊದಲ ವರ್ಷವೇ ಅವಳ ಕನ್ನಡಕವನ್ನು ಕೋತಿ ಎತ್ತಿಕೊಂಡು ಹೋಯಿತು. ಮಠದ ಮಾಳಿಗೆಯ ಮೇಲೆ ಎಳೆಬಿಸಿಲಿನಲ್ಲಿ ಕೂತು ಹೊಸೆಯುವಾಗ ಪಕ್ಕಕ್ಕೆ ತೆಗೆದಿಟ್ಟಿದ್ದಳು ಅಷ್ಟೆ. ಎದುರು ಮನೆಯ ಸೂರಿನ ಮೇಲೆ ಕೂತ ಕೋತಿ ಅದರ ಕಡ್ಡಿ ಕಚ್ಚುತ್ತಿದ್ದುದನ್ನು ಅವಳಿಗೆ ಬೇರೆಯವರು ಹೇಳಬೇಕಾಯಿತು. ಹೊಸ ಕನ್ನಡಕ ಬಂದಾಗ ಜಗದಾಂಬ ಶಿವದಾರದ್ದೇ ಎರಡು ತುಂಡು ತೆಗೆದು ಅದರ ಎರಡೂ ಕಡ್ಡಿಗೆ ಕಟ್ಟಿ, ಸೊಸೆಯ ತುರುಬಿನ ಹಿಂದೆ ಬಿಗಿದಳು. "ಇನ್ನ ಇದು ಮೈ ಬಿಡಂಗಿಲ್ಲ ನೋಡು" ಅಂದಳು. ಅಂದಿನಿಂದ ತಾರಾದೇವಿ ಓಣಿಗಿಳಿದರೆ ಕನ್ನಡಕ ಮೂಗಿನ ಮೇಲೆ, ದಾರಕ್ಕೆ ಕೂತರೆ ಹಣೆಯ ಮೇಲೆ. ತಲೆ ಬಿಟ್ಟು ಮಾತ್ರ ಹೋಗಲಿಲ್ಲ. ವಿಭೂತಿಯ ಗೆರೆಗಳ ಮೇಲೆ ಅದರ ಮೂಗುಪಟ್ಟಿ ಒತ್ತಿ ಒತ್ತಿ ಎರಡು ಕಪ್ಪು ಕಲೆಗಳೇ ಬಿದ್ದವು.

ಇಪ್ಪತ್ತು ವರ್ಷ ಹೀಗೆ ಕಳೆಯಿತು. ಕುತ್ತಿಗೆ ಬಾಗಿತು, ಬೆರಳ ತುದಿ ಒರಟಾಯಿತು. ಬೆಳಗಿನ ಜಾವದ ರೈಲಿಗೆ ಬಂದ ಯಾತ್ರಿಕರು ಗಂಗೆಯಲ್ಲಿ ಮುಳುಗಿ, ಒದ್ದೆ ಬಟ್ಟೆಯಲ್ಲೇ ಬಂದು, "ಅಮ್ಮಾರ, ಲಗೂನ ಕಟ್ರಿ, ಬಸ್ಸು ನಿಂತೈತಿ" ಎಂದು ಅವಸರ ಮಾಡುವರು. ಅವಳಿಗೆ ಅವಸರ ಮಾಡಲು ಬರುತ್ತಿರಲಿಲ್ಲ. ಕನ್ನಡಕದ ನಂಬರು ಮಾತ್ರ ಅವಸರವಾಗಿಯೇ ಏರುತ್ತಿತ್ತು. ವಯಸ್ಸು ಇಪ್ಪತ್ತು ದಾಟಿದ ಮೇಲೆ ಕಣ್ಣಿನ ನಂಬರು ನಿಂತುಬಿಡುತ್ತದೆ ಎಂದು ಎಲ್ಲರೂ ಹೇಳಿದ್ದರು. ಅವಳದು ಮೂವತ್ತಕ್ಕೂ ನಿಲ್ಲಲಿಲ್ಲ, ಮೂವತ್ತೈದಕ್ಕೂ ನಿಲ್ಲಲಿಲ್ಲ. ಗಾಜು ದಪ್ಪವಾದಷ್ಟೂ ಹತ್ತಿರದ ನೋಟ ಚೂಪಾಯಿತೆಂದು ಅತ್ತೆ ಸೊಸೆ ಇಬ್ಬರೂ ಒಳಗೊಳಗೇ ಹಿಗ್ಗಿದರು. ಬಡವರಿಗೆ ಹಿಗ್ಗಲು ಎಂಥೆಂಥ ಕಾರಣಗಳು ಸಿಗುತ್ತವೆ ನೋಡಿ.

ಆಮೇಲೆ ಒಂದು ಚಳಿಗಾಲ, ಮಂಜು ಘಾಟುಗಳನ್ನೆಲ್ಲ ನುಂಗಿದ್ದ ಹೊತ್ತಿನಲ್ಲಿ, ಅವಳ ಎಡಗಣ್ಣಿನಲ್ಲಿ ಮಿಂಚು ಮಿಂಚಿದಂತಾಯಿತು. ಮರುದಿನ ಕಪ್ಪು ಜೇಡರ ಬಲೆ ತೇಲಿತು. ಊರಿಗೆಲ್ಲ ಮಂಜು ಕವಿದಿರುವಾಗ ತನ್ನೊಬ್ಬಳ ಕಣ್ಣಿಗೆ ಕವಿದದ್ದನ್ನು ಅವಳು ಬೇರೆಯಾಗಿ ತಿಳಿಯಲಿಲ್ಲ. ಕೆಳಗಿನಿಂದ ಪರದೆ ಎದ್ದು ಅರ್ಧ ಜಗತ್ತನ್ನು ಮುಚ್ಚಿದ ಮೇಲೆಯೇ ಅನ್ನದಾನಯ್ಯ ಅವಳನ್ನು ಟೋಟೋ ಎಂಬ ಬ್ಯಾಟರಿ ರಿಕ್ಷಾದಲ್ಲಿ ಕೂರಿಸಿಕೊಂಡು ವಿಶ್ವವಿದ್ಯಾಲಯದ ಆಸ್ಪತ್ರೆಗೆ ಓಡಿದ್ದು. ಶಸ್ತ್ರಚಿಕಿತ್ಸೆಯಾಯಿತು. ಕಣ್ಣು ಉಳಿಯಿತು, ನೋಟ ಅಷ್ಟಾಗಿ ಉಳಿಯಲಿಲ್ಲ. ಆ ಕಣ್ಣಿಗೆ ಈಗ ಕಿಟಕಿ ಎಲ್ಲಿದೆ ಎಂದು ತಿಳಿಯುತ್ತದೆ, ಕಿಟಕಿಯಲ್ಲಿ ಯಾರಿದ್ದಾರೆಂದು ತಿಳಿಯುವುದಿಲ್ಲ.

ಅಲ್ಲಿ ಡಾಕ್ಟರ್ ಮೈತ್ರೇಯಿ ಸಿಕ್ಕರು. ದಾವಣಗೆರೆಯವರು. ಕನ್ನಡ ಕೇಳಿದ್ದೇ ತಾರಾದೇವಿಗೆ ಅರ್ಧ ನೋವು ಇಳಿದಿತ್ತು. ಡಾಕ್ಟರು ಬಿಡಿಸಿ ಹೇಳಿದರು: ನಂಬರು ಏರುತ್ತದೆ ಎಂದರೆ ಕಣ್ಣುಗುಡ್ಡೆ ಹಿಂದಕ್ಕೆ ಉದ್ದವಾಗುತ್ತಿದೆ ಎಂದರ್ಥ. ಒಳಗಿನ ಪದರ ಜಗ್ಗಿ ಜಗ್ಗಿ ತೆಳ್ಳಗಾಗುತ್ತದೆ, ಒಂದು ದಿನ ಹರಿಯುತ್ತದೆ. ತಾರಾದೇವಿಗೆ ಇದು ತಕ್ಷಣ ಅರ್ಥವಾಯಿತು. ಜಗ್ಗಿದ ದಾರ ಹೇಗೆ ಹರಿಯುತ್ತದೆ ಎಂದು ಅವಳಿಗೆ ಬೇರೆಯವರು ಹೇಳಬೇಕಿರಲಿಲ್ಲ. ಆದರೆ ಆ ಮಾತು ಕೇಳುತ್ತ ಅವಳ ಬಲಗಣ್ಣು ನೋಡಿದ್ದು ಪಕ್ಕದಲ್ಲಿ ಕೂತಿದ್ದ ಮಗಳನ್ನು.

ವಚನಾಗೆ ಆಗ ಹದಿನೆಂಟು ತುಂಬಿತ್ತು. ತಾಯಿಯ ಕಣ್ಣನ್ನೇ ಅಚ್ಚು ಹಾಕಿಸಿಕೊಂಡು ಹುಟ್ಟಿದವಳು. ಕಾಲೇಜಿಗೆ ಹೋಗುವ ಮುಂಚೆ ತಾಯಿಯ ಎದುರು ಕೂತು ದಾರ ಹೊಸೆಯುತ್ತಾಳೆ. ಅಜ್ಜಿಯ ಮೆಚ್ಚುಗೆ ಕಟ್ಟಿಟ್ಟ ಬುತ್ತಿ. ಅವಳ ನಂಬರೂ ವರ್ಷ ವರ್ಷ ಏರುತ್ತಲೇ ಇತ್ತು.

"ಇಕಿಗೂ ಹಿಂಗs ಆಗತೈತೇನ್ರಿ ಬಾಯಾರ?" ಎಂದು ತಾರಾದೇವಿ ಕೇಳಿದಳು.

ಡಾಕ್ಟರು ಸುಳ್ಳು ಸಮಾಧಾನ ಹೇಳುವ ಪೈಕಿಯಲ್ಲ. "ಆಗ್ಲೇಬೇಕು ಅಂತ ಇಲ್ಲ. ನಂಬರು ನಿಂತರೆ ಹೆದರಿಕೆ ಕಡಿಮೆ. ನಿಲ್ಲಿಸೋದಕ್ಕೆ ಒಂದು ಥರದ ಗಾಜು ಬಂದಿದೆ. ನಡುವೆ ಸ್ವಚ್ಛ ಇರುತ್ತೆ, ಸುತ್ತ ಸಾಸಿವೆಗಿಂತ ಸಣ್ಣ ಉಬ್ಬುಗಳಿರುತ್ತವೆ. ಚಿಕ್ಕ ಮಕ್ಕಳಲ್ಲಿ ನಂಬರು ಏರೋದನ್ನ ನಿಧಾನ ಮಾಡುತ್ತೆ ಅಂತ ಗೊತ್ತಾಗಿದೆ. ದೊಡ್ಡವರಲ್ಲಿ ಹೇಗೆ ಅಂತ ಇನ್ನೂ ಸರಿಯಾಗಿ ಯಾರಿಗೂ ಗೊತ್ತಿಲ್ಲ. ಅದನ್ನೇ ನಾವು ನೋಡ್ತಿದೀವಿ. ನಂಬರು ಏರ್ತಾ ಇರೋ ದೊಡ್ಡವರು ಸಿಕ್ಕರೆ ಹಾಕಿಸಿ ನೋಡ್ತೀವಿ. ನಿಮ್ಮ ಮಗಳನ್ನ ಸೇರಿಸಿಕೊಳ್ಳಲಾ? ನಿಮ್ಮ ಬಲಗಣ್ಣನ್ನೂ ಸೇರಿಸಬಹುದು. ಆದರೆ ಭರವಸೆ ಕೇಳಬೇಡಿ."

ತಾರಾದೇವಿ ಭರವಸೆ ಕೇಳಲಿಲ್ಲ. ತಾನೇ ಇಟ್ಟುಕೊಂಡಳು.

ಹೊಸ ಕನ್ನಡಕಗಳು ಬಂದವು. ಬೆಳಕಿಗೆ ಓರೆಯಾಗಿ ಹಿಡಿದರೆ ಸುತ್ತಲೂ ಇಬ್ಬನಿ ಕೂತಂತೆ ಕಾಣುತ್ತಿತ್ತು. ತಾರಾದೇವಿ ಎರಡನ್ನೂ ಮೊದಲು ದೇವರ ಮುಂದಿಟ್ಟಳು. ಆಮೇಲೆ ಅತ್ತೆ ಮಾಡಿದಂತೆಯೇ ಎರಡಕ್ಕೂ ಶಿವದಾರದ ತುಂಡು ಕಟ್ಟಿ, ತನ್ನದನ್ನು ತುರುಬಿಗೆ, ಮಗಳದನ್ನು ಜಡೆಯ ಹಿಂದೆ ಬಿಗಿದು, "ಇದು ಮೈ ಬಿಡಬಾರದು" ಅಂದಳು. ವಚನಾ, "ಅರೆ ಅವ್ವಾ, ಕಾಲೇಜ್‌ದಾಗ ಸಬ್ ಹಸೇಂಗೆ, ಎಲ್ಲಾರೂ ನಗ್ತಾರ" ಎಂದು ಕಾಶಿಯ ಹಿಂದಿ ಬೆರೆಸಿ ಮುಖ ಊದಿಸಿದಳು. ಆದರೂ ಬಿಚ್ಚಲಿಲ್ಲ. ತಾಯಿಯ ಎಡಗಣ್ಣನ್ನು ಅವಳೂ ದಿನಾ ನೋಡುತ್ತಿದ್ದಳು.

ವರ್ಷದ ಉದ್ದಕ್ಕೂ ಆಗಾಗ ತಪಾಸಣೆ. ಅಸ್ಸಿ ಘಾಟಿನ ತಿರುವಿನಲ್ಲಿ ಟೋಟೋಗೆ ಕಾಯುವುದು, ಆಸ್ಪತ್ರೆಯ ಬೆಂಚಿನಲ್ಲಿ ಕಾಯುವುದು, ಕಣ್ಣಿಗೆ ಹನಿ ಹಾಕಿಸಿಕೊಂಡು ಮತ್ತೆ ಕಾಯುವುದು. ಗಲ್ಲವನ್ನು ಯಂತ್ರದ ಮೇಲಿಟ್ಟು ಉಸಿರು ಹಿಡಿದು ಕೂತಾಗಲೆಲ್ಲ ತಾರಾದೇವಿ ಒಳಗೇ ಶಿವನನ್ನು ಕರೆಯುತ್ತಿದ್ದಳು. ಪ್ರತಿಸಲವೂ ಡಾಕ್ಟರ ಮುಖ ಸಣ್ಣದಾಗುತ್ತಿತ್ತು. ತಾಯಿಯದೂ ಏರಿತ್ತು, ಮಗಳದೂ ಏರಿತ್ತು.

"ಕನ್ನಡಕ ದಿನಾ ಹಾಕ್ಕೋತೀರಾ?"

"ಮುಂಜಾನೆ ಎದ್ದಾಗಿಂದ ಮಲಗೂ ಮಟಾ ಇರತೈತ್ರಿ ಬಾಯಾರ. ಒಂದ ದಿನಾನೂ ತಪ್ಸಿಲ್ಲ."

"ನೀನಮ್ಮಾ?"

"ನಂದೂ ಮೇಡಂ. ಹಮೇಶಾ."

ಇಬ್ಬರೂ ಸುಳ್ಳು ಹೇಳಲಿಲ್ಲ. ಡಾಕ್ಟರಿಗೂ ಅವರ ಮುಖ ನೋಡಿ ನಂಬಿಕೆ ಬಂತು. ಆಸ್ಪತ್ರೆಯಲ್ಲಿ ಕನ್ನಡಕ ಮೂಗಿನ ಮೇಲೆಯೇ ಇರುತ್ತಿತ್ತಲ್ಲ. ತಾರಾದೇವಿಗೆ ಒಂದು ಸುಸ್ತು ಹತ್ತಿತ್ತು, ನಿದ್ದೆ ಮಾಡಿದರೆ ಹೋಗುವ ಸುಸ್ತಲ್ಲ. ಮಾಡಬೇಕಾದ್ದನ್ನೆಲ್ಲ ಮಾಡಿಯೂ ಆಗಬೇಕಾದ್ದು ಆಗದಿದ್ದರೆ ಮನುಷ್ಯನಿಗೆ ಹತ್ತುವಂಥದು. ಹಾಗೆಂದು ಕೆಲಸ ಬಿಡಲುಂಟೇ? ಬಂದು ಕನ್ನಡಕ ಹಣೆಗೇರಿಸಿ ಮತ್ತೆ ದಾರಕ್ಕೆ ಕೂರುತ್ತಿದ್ದಳು. ಎದುರಿಗೆ ವಚನಾ.

ಶಿವರಾತ್ರಿ ಹತ್ತಿರ ಬಂದಿತ್ತು. ಡಾಕ್ಟರ್ ಮೈತ್ರೇಯಿಯವರ ತಂದೆ ದಾವಣಗೆರೆಯಿಂದ ಫೋನಿನಲ್ಲಿ, ಕಾಶಿಯ ಮಠದ ಶಿವದಾರ ಒಂದು ಕಳಿಸು ಎಂದು ಕೇಳಿದ್ದರಂತೆ. ಒಂದು ಭಾನುವಾರ ಬೆಳಿಗ್ಗೆ ಡಾಕ್ಟರು ಮಠಕ್ಕೇ ಬಂದರು. ಅನ್ನದಾನಯ್ಯ ಹಿಟ್ಟಿನ ಕೈಯಲ್ಲೇ ಎದ್ದು ಬಂದು ಮಾಳಿಗೆಯ ಮೆಟ್ಟಿಲು ತೋರಿಸಿದ.

ಮೇಲೆ ಎಳೆಬಿಸಿಲು. ಮಧ್ಯದಲ್ಲಿ ಕಂಬಳಿ ಹೊದ್ದ ಜಗದಾಂಬ. ಸಕ್ಕರೆ ಕಾಯಿಲೆ ಅವಳ ಕಣ್ಣನ್ನು ಪೂರ್ತಿ ತಿಂದುಹಾಕಿತ್ತು, ಈಗ ಬೆರಳಲ್ಲೇ ದಾರದ ಪರೀಕ್ಷೆ. ಅವಳ ಆಚೆ ಈಚೆ ತಾಯಿ ಮಗಳು, ಇಬ್ಬರ ಕೈಯೂ ಮೂಗಿನ ತುದಿಯಲ್ಲಿ. ಇಬ್ಬರ ಹಣೆಯ ಮೇಲೂ ಆ ಇಬ್ಬನಿ ಕೂತ ಗಾಜುಗಳು ಆಕಾಶ ನೋಡುತ್ತಿದ್ದವು.

ಡಾಕ್ಟರು ಮೆಟ್ಟಿಲ ತುದಿಯಲ್ಲೇ ನಿಂತುಬಿಟ್ಟರು. "ತಾರಾದೇವಿ ಅವ್ರೇ, ನಿಮ್ಮ ಕನ್ನಡಕ?"

ತಾರಾದೇವಿ ಧ್ವನಿ ಹಿಡಿದು ಯಾರೆಂದು ತಿಳಿದು, ಗಡಬಡಿಸಿ ಎದ್ದಳು. ಹಣೆ ಮುಟ್ಟಿ ತೋರಿಸಿ ನಕ್ಕಳು. "ಐತ್ರಿ ಬಾಯಾರ, ಇಲ್ಲೇ ಐತಿ. ಮೈ ಬಿಟ್ಟಿಲ್ರಿ."

"ದಾರ ಮಾಡುವಾಗ ಯಾವಾಗಲೂ ಹೀಗೇನಾ? ಓದುವಾಗ? ಅಕ್ಕಿ ಆರಿಸುವಾಗ?"

"ಹತ್ರದ್ದಕ್ಕ ಚಸ್ಮಾ ಯಾಕ್ರಿ? ಬರಿಗಣ್ಣಿಗೇ ಚೊಲೊ ಕಾಣತೈತಿ."

ಡಾಕ್ಟರು ಬಿಸಿಲಲ್ಲೇ ಕುಸಿದು ಕೂತರು. ಸಿಟ್ಟು ಮಾಡಲಿಲ್ಲ. "ತಪ್ಪು ನಂದೂ ಇದೆ. ದಿನಾ ಹಾಕ್ಕೋತೀರಾ ಅಂತ ಕೇಳಿದೆ, ಎಲ್ಲಿ ಹಾಕ್ಕೋತೀರಾ ಅಂತ ಕೇಳಲಿಲ್ಲ" ಅಂದರು. ಆಮೇಲೆ ಬಿಡಿಸಿ ಹೇಳಿದರು. ಆ ಗಾಜಿಗೆ ಸುಮ್ಮನೆ ಮೈಮೇಲಿದ್ದು ಕಾಯುವ ಗುಣವಿಲ್ಲ. ಕಣ್ಣು ಅದರೊಳಗಿಂದ ನೋಡಿದಾಗ ಮಾತ್ರ ಅದರ ಕೆಲಸ. ಅದೂ ಮುಖ್ಯವಾಗಿ ಹತ್ತಿರದ್ದನ್ನು ಗಂಟೆಗಟ್ಟಲೆ ನೋಡುವಾಗಲೇ ಬೇಕು. ನಾಲ್ಕು ಬೆರಳು ದೂರದಲ್ಲಿ ಹಿಡಿಯುವುದಂತೂ ಕೂಡದು, ಮೊಳದಷ್ಟು ದೂರ ಇರಲಿ, ನಡುನಡುವೆ ಎದ್ದು ಗಂಗೆಯ ಆಚೆ ದಡ ನೋಡಿ. "ಇಷ್ಟು ಮಾಡಿದರೂ ನಿಲ್ಲುತ್ತೆ ಅಂತ ನಾನು ಬರೆದುಕೊಡೋಕೆ ಆಗಲ್ಲ. ಆದರೆ ಇಷ್ಟು ದಿನ ನಾವು ನಿಮ್ಮ ಹಣೆಯನ್ನ ಪರೀಕ್ಷೆ ಮಾಡಿದಂಗಾಯ್ತು."

ವಚನಾ ಬಾಯಿಗೆ ಕೈ ಅಡ್ಡ ಹಿಡಿದು ನಕ್ಕಳು. ತಾರಾದೇವಿಗೆ ನಗು ಬರಲಿಲ್ಲ. ಮಗಳ ಹಣೆಯ ಮೇಲೂ ಎರಡು ಕಪ್ಪು ಕಲೆಗಳು ಬೀಳತೊಡಗಿದ್ದನ್ನು ಅವಳು ಅವತ್ತು ಕನ್ನಡಕ ಇಳಿಸಿ ನೋಡಿದಳು. ಹಣೆಗೇರಿಸುವುದನ್ನು ಅವಳಿಗೆ ಯಾರೂ ಕಲಿಸಿರಲಿಲ್ಲ. ತಾನು ಎದುರಿಗೆ ಕೂತದ್ದೇ ಸಾಕಾಗಿತ್ತು.

ಮರುದಿನ ಅವಳು ಕನ್ನಡಕ ಇಳಿಸಿಕೊಂಡೇ ದಾರಕ್ಕೆ ಕೂತಳು. ಮೊಳ ದೂರದಲ್ಲಿ ಹಿಡಿದರೆ ಎಳೆಗಳೆಲ್ಲ ಕೂಡಿ ಒಂದಾದವು. ಅತ್ತೆಗೆ ಬಂದಿದ್ದ ಚಾಳೀಸು ಇವಳಿಗೂ ಬಂದಿತ್ತು, ಬರಿಗಣ್ಣಿಗೆ ಗೊತ್ತಾಗದ್ದು ಈ ಗಾಜಿನೊಳಗಿಂದ ಗೊತ್ತಾಯಿತು. ಒಂದು ಎಳೆ ಹಿಡಿದರೆ ಇನ್ನೊಂದು ಜಾರಿತು. ಗಂಟು ಕಡಲೆಕಾಳಿನಷ್ಟು ದಪ್ಪವಾಯಿತು. ಬಿಚ್ಚಿದಳು, ಮತ್ತೆ ಹೊಸೆದಳು. ಕೈ ತಾನೇ ತಾನಾಗಿ ಹಣೆಗೆ ಹೋಗುವುದು, ಅರ್ಧದಲ್ಲಿ ಅದನ್ನು ಹಿಂದಕ್ಕೆ ಎಳೆದುಕೊಳ್ಳುವುದು. ಎದುರಿಗೆ ವಚನಾ ಒಂದು ಗಳಿಗೆ ಕನ್ನಡಕ ಇಳಿಸಿದ್ದಳು, ಆಮೇಲೆ ಬೇಸತ್ತು ಏರಿಸಿಬಿಟ್ಟಳು.

"ಅವ್ವಾ ಛೋಡ್ ನಾ, ಹಿಂಗ ಆಗಂಗಿಲ್ಲ. ಕೊಡು, ನಾ ಮಾಡ್ತೀನಿ."

"ನೀ ಚಸ್ಮಾ ಇಳಿಸು."

"ಇಳಿಸಿದ್ರ ಎಳಿ ಕಾಣಂಗಿಲ್ಲ. ನಿಂಗೂ ಕಾಣವಲ್ದು."

"ನಂಗ ಕಾಣೋದಿಲ್ಲ. ಖರೇ."

"ಮತ್ತ ಯಾಕ ಮಾಡಾಕತ್ತಿ?"

ತಾರಾದೇವಿಗೆ ಅಳು ಬಂದಿತ್ತು. ಇಪ್ಪತ್ತು ವರ್ಷ ಒಂದೇ ಒಂದು ವಿದ್ಯೆ ಕೈಯಲ್ಲಿತ್ತು. ಮೂರು ಮನೆಯವರು ಬೇಡವೆಂದವಳನ್ನು ಕಾಶಿಯಲ್ಲಿ ತಲೆ ಎತ್ತಿ ನಿಲ್ಲಿಸಿದ್ದು ಅದೊಂದೇ. ಅದನ್ನು ಈಗ ಮಗಳ ಕಣ್ಣೆದುರೇ ಕೆಡಿಸಿ ತೋರಿಸಬೇಕು. ಬಾಯಿಮಾತಿಗೆ ಹುಡುಗಿ ಬಗ್ಗುವವಳಲ್ಲ. ತಾಯಿ ಕನ್ನಡಕ ಏರಿಸಿ ಕೂತರೆ ಅವಳೂ ಏರಿಸುತ್ತಾಳೆ, ಅಷ್ಟು ಮಾತ್ರ ಗೊತ್ತಿತ್ತು. ಸೆರಗಿನಿಂದ ಮೂಗು ಒರೆಸಿಕೊಂಡು ಮತ್ತೆ ಎಳೆ ಹಿಡಿದಳು.

ಜಗದಾಂಬ ಎಲ್ಲ ಕೇಳಿಸಿಕೊಳ್ಳುತ್ತ ಕಂಬಳಿಯೊಳಗೆ ಮಿಸುಕಾಡಿದಳು. ಅವಳಿಗೆ ಇದು ಸೇರಿರಲಿಲ್ಲ. ಡಾಕ್ಟರು ತಂದೆಯ ದಾರ ತೆಗೆದುಕೊಂಡು ಇಳಿದು ಹೋದ ಮೇಲೆ, "ಚಸ್ಮಾ ಹಾಕ್ಕೊಂಡು ಹೊಸದ ದಾರ ಯಾವನ ಕೊರಳಿಗೆ ಕಟ್ಟತೀ?" ಎಂದು ಸೊಸೆಯ ಮೇಲೆ ಹರಿಹಾಯ್ದಿದ್ದಳು. ಯಾತ್ರಿಕರಿಗೆ ಇಂಥದನ್ನು ಕಟ್ಟುವಂತಿಲ್ಲ ಎಂಬುದು ತಾರಾದೇವಿಗೂ ಗೊತ್ತಿತ್ತು. ಮೊದಲು ಹೊಸೆದಿಟ್ಟ ದಾರಗಳು ಶಿವರಾತ್ರಿಗೆ ಸಾಕಾಗುತ್ತಿದ್ದವು. ಆಮೇಲೆ ಏನು ಎಂದು ಅವಳು ಯೋಚಿಸಲಿಲ್ಲ. ಯೋಚಿಸುವಷ್ಟು ತ್ರಾಣ ಉಳಿದಿರಲಿಲ್ಲ.

ಶಿವರಾತ್ರಿಗೆ ಮುಂಚೆ ಮನೆಯವರೆಲ್ಲ ದಾರ ಬದಲಿಸುವುದು ಪದ್ಧತಿ. ಮೊದಲು ಹಿರಿಯರದು. ಆ ಬೆಳಿಗ್ಗೆ ಜಗದಾಂಬ ಮಿಂದು, ವಿಭೂತಿ ಹಚ್ಚಿಕೊಂಡು, ಲಿಂಗವನ್ನು ಎಡ ಅಂಗೈಯಲ್ಲಿ ಮುಚ್ಚಿ ಹಿಡಿದು ಕೂತಳು. ಬಲಗೈ ಚಾಚಿದಳು. ತಾರಾದೇವಿ ಬುಟ್ಟಿಯಲ್ಲಿದ್ದ ಹಳೆಯ ನುಣುಪು ದಾರಗಳ ಕಡೆ ಒಮ್ಮೆ ನೋಡಿದಳು. ವಚನಾ ಪಕ್ಕದಲ್ಲೇ ಕನ್ನಡಕ ಹಣೆಗೇರಿಸಿ ಎಳೆ ಬಿಡಿಸುತ್ತಿದ್ದಳು. ತಾರಾದೇವಿ ತಾನು ಆ ವಾರವಿಡೀ ಮಾಡಿ ಬಿಚ್ಚಿ, ಮಾಡಿ ಬಿಚ್ಚಿ, ಕಡೆಗೆ ಉಳಿಸಿಕೊಂಡಿದ್ದ ಒಂದೇ ದಾರವನ್ನು ಅತ್ತೆಯ ಕೈಗೆ ಕೊಟ್ಟಳು. ಜಗ್ಗಿ ನೋಡಿದ್ದಳು, ಹರಿಯುವಂಥದಲ್ಲ. ಚೆಂದ ಮಾತ್ರ ಇರಲಿಲ್ಲ.

ಮುದುಕಿಯ ಬೆರಳು ದಾರದ ಮೇಲೆ ಹರಿದು ಬಂತು. ಮೊದಲ ಗಂಟಿಗೆ ನಿಂತಿತು. ಮುಂದೆ ಸರಿಯಿತು, ಮತ್ತೆ ನಿಂತಿತು.

"ಯಾರ ಕೈದಿದು?"

"ನನ್ನದ ಅತ್ತಿ."

"ನಿನ್ನದಲ್ಲ. ನಿನ್ನ ಕೈ ನಂಗ ಗೊತ್ತಿಲ್ಲೇನ?"

"ನನ್ನದs. ಚಸ್ಮಾ ಹಾಕ್ಕೊಂಡು ಮಾಡೀನಿ."

ಕೆಳಗಿನ ಓಣಿಯಲ್ಲಿ ಯಾರೋ ಹಾಲಿನವನನ್ನು ಕೂಗುತ್ತಿದ್ದರು. ಬೈಗುಳಕ್ಕೆ ತಾರಾದೇವಿ ತಲೆ ಬಗ್ಗಿಸಿ ಕಾದಳು. ಜಗದಾಂಬ ದಾರವನ್ನು ಇನ್ನೊಮ್ಮೆ ಮೊದಲಿನಿಂದ ಕೊನೆಯತನಕ ಮುಟ್ಟಿ ನೋಡಿದಳು, ಒಂದೊಂದು ಗಂಟನ್ನೂ ಒತ್ತಿ. ಕಡೆಗೆ ಕೇಳಿದಳು:

"ಹುಡುಗಿ ಎಲ್ಲೈತಿ?"

"ಇಲ್ಲೇ ಐತಿ, ನಿಮ್ಮ ಬಾಜೂಕs."

"ವಚನಾ, ನಿನ್ನ ಚಸ್ಮಾ ಎಲ್ಲೈತಿ?"

ಏನೂ ಕಾಣದ ಅಜ್ಜಿಗೆ ಏನು ಹೇಳಿದರೂ ನಡೆಯುತ್ತಿತ್ತು. ವಚನಾ ತಾಯಿಯ ಮುಖ ನೋಡಿದಳು. ಆಮೇಲೆ ಅಜ್ಜಿಯ ಬೆರಳ ನಡುವೆ ಇದ್ದ ಆ ಒಡ್ಡೊಡ್ಡು ದಾರ ನೋಡಿದಳು. ಕೈ ಹಣೆಗೆ ಹೋಯಿತು. ಕನ್ನಡಕವನ್ನು ಮೂಗಿನ ಮೇಲೆ ಇಳಿಸಿ, "ಕಣ್ಣಿಗೆ ಐತಿ ಅಜ್ಜಿ" ಅಂದಳು.

ಜಗದಾಂಬ ಕೈಚಾಚಿ ಮೊಮ್ಮಗಳ ಮುಖ ತಡವಿದಳು. ಗಾಜು ಮುಟ್ಟಿ ನೋಡಿಕೊಂಡಳು. ಆಮೇಲೆ ದಾರವನ್ನು ಸೊಸೆಗೆ ಮರಳಿ ಕೊಟ್ಟು, ಸೆರಗು ಸರಿಸಿ ಕೊರಳು ಬಗ್ಗಿಸಿದಳು.

"ಕಟ್ಟು."

ತಾರಾದೇವಿ ಕಟ್ಟಿದಳು. ಕನ್ನಡಕದೊಳಗಿಂದ ಗಂಟು ಮಂಜುಮಂಜಾಗಿ ಕಂಡಿತು, ಹೊತ್ತು ಹಿಡಿಯಿತು. ಮುದುಕಿ ಅವಸರ ಮಾಡಲಿಲ್ಲ. ಮುಗಿದ ಮೇಲೆ ಅಂಗೈ ಬಿಡಿಸಿ ಲಿಂಗವನ್ನು ಎದೆಗೆ ಇಳಿಸಿಕೊಂಡು, ಕುತ್ತಿಗೆ ಅತ್ತಿತ್ತ ಆಡಿಸಿ ನೋಡಿದಳು.

"ಚುಚ್ಚತೈತಿ" ಅಂದಳು. ಬಿಚ್ಚು ಅನ್ನಲಿಲ್ಲ.